ಎರಡು ಸಲ ಹಾರ್ನ್

ಕಾರಿನ ಎಸಿ ಗುಂಡಿ ಒತ್ತಿದಳು. ದೀಪ ಹತ್ತಿತು, ಗಾಳಿಯೂ ಬಂತು. ಆದರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಆಫ್ ಮಾಡಿ ಮತ್ತೆ ಒತ್ತಿದಳು. ಅದೇ ಬಿಸಿಯುಸಿರು. ಹಿಂದಿನ ಸೀಟಿನಲ್ಲಿ ಅತ್ತೆ ಬಲಗಣ್ಣಿಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದರು. ಬೆಳಿಗ್ಗೆಯಷ್ಟೇ ಪೊರೆ ತೆಗೆದ ಕಣ್ಣು. ‘ಬೆವರು ಇಳೀಬಾರದು, ಧೂಳು ಸೋಕಬಾರದು, ಕಿಟಕಿ ತೆಗೀಲೇಬೇಡಿ’ ಎಂದು ಡಾಕ್ಟರು ಮೂರು ಸಲ ಹೇಳಿ ಕಳಿಸಿದ್ದರು. ಆಸ್ಪತ್ರೆಯ ನೆಲಮಾಳಿಗೆಯಿಂದ ಕಾರು ಮೇಲೆ ಹತ್ತಿದರೆ ನೆತ್ತಿ ಸುಡುವ ಬಿಸಿಲು. ಮನೆಗೆ ಮುಕ್ಕಾಲು ಗಂಟೆಯ ದಾರಿ.

ಗಂಡನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ನಿನ್ನೆ ಒದ್ದೆ ಬಟ್ಟೆ ತಗೊಂಡು ಒಳಗೆಲ್ಲ ಒರೆಸಿದ್ಯಲ್ಲ, ನೀರು ಹೋಗಿರುತ್ತೆ” ಎಂದ ಅವನು. “ನೀನು ಕೈಯಿಟ್ಟಿದ್ದು ಯಾವುದು ನೆಟ್ಟಗಿದೆ ಹೇಳು?”

ಅತ್ತೆ ಬರುತ್ತಾರೆಂದು ಮುತುವರ್ಜಿಯಿಂದ ಒರೆಸಿದ್ದೇ ಈಗ ಅವರ ಕಣ್ಣಿಗೆ ಮುಳುವಾಗುತ್ತದೆಯೇ? ಕನ್ನಡಿಯಲ್ಲಿ ನೋಡಿದಳು. ಅತ್ತೆ ಏನೂ ಕೇಳಿಸದವರಂತೆ ಕೂತಿದ್ದರು.

ಆಸ್ಪತ್ರೆಯ ಎದುರಿನ ಗ್ಯಾರೇಜಿನಿಂದ ಅವಳು ಕರೆಸಿದ ಮೆಕ್ಯಾನಿಕ್ ಕನ್ನಡಕವನ್ನು ಹಣೆಗೇರಿಸಿ, ಬಾನೆಟ್ ಎತ್ತಿ ಕಿವಿಗೊಟ್ಟ. “ಅಕ್ಕಾ, ಈಗ ಎಸಿ ಹಾಕಿ. ಊಹೂಂ, ಟಕ್ ಅನ್ನೋ ಸದ್ದೇ ಇಲ್ಲ.”

“ನೀರು ಹೋಗಿದೆಯಾ? ನಾನು ನಿನ್ನೆ ಒದ್ದೆ ಬಟ್ಟೆಲಿ ಒರೆಸಿದ್ದೆ...”

“ಒರೆಸಿದ್ರೆ ಎಸಿ ಕೆಡುತ್ತಾ? ಹಾಗಾದ್ರೆ ನಮ್ಮ ಗ್ಯಾರೇಜ್ ಮುಂದೆ ದಿನಾ ಜಾತ್ರೆ ಇರ್ತಿತ್ತು.” ಫ್ಯೂಸಿನ ಪೆಟ್ಟಿಗೆ ಬಿಚ್ಚಿದವನು ಹುಬ್ಬೇರಿಸಿದ. “ಅಯ್ಯೋ, ಎಸಿ ರಿಲೇ, ಕರೆಂಟ್ ಹಾಯಿಸೋ ಡಬ್ಬಿ, ಅದೇ ಇಲ್ವಲ್ಲ ಇಲ್ಲಿ! ಜಾಗ ಖಾಲಿ. ಎಲ್ಲಿ, ಹಾರ್ನ್ ಒತ್ತಿ?”

ಒತ್ತಿದಳು. ನೆಲಮಾಳಿಗೆಯೆಲ್ಲ ಮೊಳಗಿತು.

“ಸಿಕ್ತು ಬಿಡಿ.” ಪೆಟ್ಟಿಗೆಯ ಮೂಲೆಯಿಂದ ಸುಟ್ಟು ಕರಕಲಾದ ಪುಟ್ಟ ಡಬ್ಬಿಯೊಂದನ್ನು ಎತ್ತಿ ತೋರಿಸಿದ. “ಇದು ಹಾರ್ನಿಂದು. ಇದು ಸುಟ್ಟಿದೆ ಅಂತ ಯಾರೋ ಎಸಿದನ್ನ ಕಿತ್ತು ಅಲ್ಲಿಗೆ ಹಾಕಿದ್ದಾರೆ. ಎರಡೂ ಒಂದೇ ಅಳತೆ.”

ಹೋದ ಭಾನುವಾರ ಗಂಡ ಬಾನೆಟ್ಟಿನೊಳಗೆ ತಲೆ ಹಾಕಿದ್ದು, ‘ನಾನೇ ರಿಪೇರಿ ಮಾಡಿದೆ’ ಎಂದು ಎದೆಯುಬ್ಬಿಸಿ ಒಳಗೆ ಬಂದದ್ದು ಅವಳ ಕಣ್ಮುಂದೆ ಬಂತು. ಎದೆಯ ಮೇಲಿನ ಕಲ್ಲು ಸರಿದಂತಾಗಿ, ಸೀಟಿಗೊರಗಿ ಉಸಿರು ಬಿಟ್ಟಳು.

“ಹೊಸದು ನಾಳೆ ತರಿಸ್ತೀನಿ. ಸದ್ಯಕ್ಕೆ ಚೆನ್ನಾಗಿರೋದು ಹಾರ್ನಿನ ಜಾಗದಲ್ಲಿರೋದೊಂದೇ” ಎಂದ ಮೆಕ್ಯಾನಿಕ್. “ಎಸಿ ಬೇಕೋ, ಹಾರ್ನ್ ಬೇಕೋ ಅಕ್ಕಾ?”

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆ ಹೇಳಿದರು: “ಹಾರ್ನ್ ಕಿತ್ತಾಕಪ್ಪ. ನನ್ನ ಸೊಸೆ ಮೆಲ್ಲಗೆ ಓಡಿಸ್ತಾಳೆ.”

ಟಕ್ ಎಂದಿತು. ತಂಪು ಗಾಳಿ ಕೆನ್ನೆಗೆ ತಾಗಿತು. ದಾರಿಯುದ್ದಕ್ಕೂ ಅತ್ತೆ ಮಗುವಿನಂತೆ ನಿದ್ದೆ ಮಾಡಿದರು.

ಸಂಜೆ ಕಣ್ಣಿನ ಇನ್ನೊಂದು ಔಷಧಿ ತರಲು ಹೊರಟ ಗಂಡನಿಗೆ, “ರೀ, ಎಸಿ ರಿಲೇ ಹಾರ್ನಿನ ಜಾಗದಲ್ಲಿತ್ತಂತೆ. ನಾಳೆವರೆಗೂ ಹಾರ್ನ್ ಇಲ್ಲ, ನಿಧಾನ ಹೋಗಿ” ಎಂದಷ್ಟೇ ಹೇಳಿದಳು. ಅವನು ಕಿವಿ ಕೆರೆದುಕೊಂಡು, ಕೀಲಿ ಹುಡುಕುವ ನೆಪದಲ್ಲಿ ಜಾರಿಕೊಂಡ.

ದಿನವೂ ಅವನು ಮನೆಗೆ ಬಂದಾಗ ಗೇಟಿನ ಮುಂದೆ ಎರಡು ಸಲ ಹಾರ್ನ್ ಆಗುತ್ತಿತ್ತು. ಒಲೆಯ ಮೇಲೆ ಹಾಲಿರಲಿ, ತಲೆಯಲ್ಲಿ ಸೋಪಿನ ನೊರೆಯಿರಲಿ, ಗೇಟು ತೆಗೆಯಲು ಅವಳು ಓಡಬೇಕು. ಮೂರನೆಯದು ಕೇಳಿತೆಂದರೆ ಅವನ ಮುಖ ಊದಿಕೊಂಡೇ ಒಳಗೆ ಬರುತ್ತಿತ್ತು. ಹನ್ನೊಂದು ವರ್ಷದ ರೂಢಿ.

ಪಟ್ಟಿ ಸರಿಸಿ ಅತ್ತೆಯ ಕಣ್ಣಿಗೆ ಹನಿ ಬಿಡುತ್ತಿದ್ದಾಗ ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಅವಳು ತನಗರಿವಿಲ್ಲದೆ ಎದ್ದಳು. ಅತ್ತೆ ಅವಳ ಮಣಿಕಟ್ಟು ಹಿಡಿದರು.

“ಕೂತ್ಕೊಳ್ಳೇ. ಇನ್ನೊಂದು ಹನಿ ಬಾಕಿಯಿದೆ.”

ಕೂತಳು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಆಮೇಲೆ ಕಾರಿನ ಬಾಗಿಲು ತೆರೆದ ಸದ್ದು, ಹೆಜ್ಜೆಗಳು, ಗೇಟಿನ ಅಗುಳಿಯ ಕಿರುಗುಟ್ಟು.

ಅತ್ತೆ ತೆರೆದಿದ್ದ ಒಂದೇ ಕಣ್ಣನ್ನು ಸೊಸೆಯತ್ತ ಹೊರಳಿಸಿದರು.

“ಅಗುಳಿ ಅವನ ಕೈಗೂ ಎಟುಕುತ್ತೆ ನೋಡು.”