ಹೆಬ್ಬೆಟ್ಟು

ಹತ್ತು ಹಳ್ಳಿಯ ಹೊಲ ಕರಗಿದ ಮೇಲೆ ಉಳಿದಿದ್ದ ಒಂದೇ ಕೋಟನ್ನು ತೊಟ್ಟು, ಬಡವರ ಕಾರ್ಡನ್ನು ಅದರ ಒಳಜೇಬಿನಲ್ಲಿ ಬಚ್ಚಿಟ್ಟುಕೊಂಡು ದೇಸಾಯರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಕೇಳದಿದ್ದವರಿಗೂ ಹೇಳಿದರು:

"ಈ ಅಕ್ಕಿ ನಮಗಲ್ಲಪಾ, ನಮ್ಮ ನಾಯಿಗೆ."

ಆ ನಾಯಿ ಊಟ ಸಾಲದೆ ಎದುರುಮನೆ ಸೇರಿಕೊಂಡು ವರ್ಷವಾಗಿದ್ದು ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ, ಇಬ್ಬರು ಮೂವರು ಕೆಮ್ಮಿದರಷ್ಟೆ.

ಸರದಿ ಬಂದಾಗ ಅಂಗಡಿಯವನು ಮಷಿನ್ ಮುಂದಕ್ಕೆ ತಳ್ಳಿದ. "ಹೆಬ್ಬೆಟ್ಟು ಒತ್ರಿ."

ದೇಸಾಯರ ಮೀಸೆ ಅದುರಿತು. "ಯಾರಿಗೆ ಹೇಳಾಕತ್ತಿ? ನಮ್ಮ ಮನೆತನದಾಗ ಯಾರೂ ಹೆಬ್ಬೆಟ್ಟು ಒತ್ತಿದವರಲ್ಲ. ಊರವರ ಕಡೆಯಿಂದ ಒತ್ತಿಸಿಕೊಂಡವರು ನಾವು! ಪೆನ್ ಕೊಡು, ಇಂಗ್ಲಿಷಿನ್ಯಾಗ ಸಹಿ ಮಾಡ್ತೀನಿ."

"ಇದಕ್ಕ ಸಹಿ ತಿಳಿಯಂಗಿಲ್ರಿ. ಒತ್ತಿದ್ರ ಅಕ್ಕಿ, ಇಲ್ಲಂದ್ರ ಇಲ್ಲ."

ದೇಸಾಯರು ಖಾಲಿ ಚೀಲ ಮಡಚಿದರು, ಮತ್ತೆ ಬಿಚ್ಚಿದರು. ಹೆಬ್ಬೆರಳು ಮಷಿನ್ ಹತ್ತಿರ ಹೋಗಿ ಅಲ್ಲೇ ನಿಂತಿತು.

ಒಂದು ಕಾಲಕ್ಕೆ ಅವರ ಹೊಲದಲ್ಲೇ ಕೂಲಿ ಮಾಡಿದ್ದ ಮುದುಕ ದ್ಯಾಮಣ್ಣ ಹಿಂದಿನಿಂದ ಬಾಗಿ, ಮೆಲ್ಲಗೆ ಧೈರ್ಯ ಹೇಳಿದ:

"ಒತ್ರಿ ಧಣ್ಯಾರ, ಅಂಜಬ್ಯಾಡ್ರಿ. ಇದೇನು ನಿಮ್ಮಪ್ಪಾರು ನಮ್ಮಪ್ಪನ ಮುಂದ ಹಿಡಿದ ಕಾಗದಲ್ಲ. ಇದಕ್ಕ ಒತ್ತಿದ್ರ ಹೊಲ ಹೋಗಂಗಿಲ್ಲ, ಅಕ್ಕಿ ಬರ್ತಾವ."