ಮೇಷ್ಟ್ರ ಮೆಣಸಿನ ಬಳ್ಳಿ

“ನನ್ನ ಬಳ್ಳಿಗೆ ಕೈ ಹಾಕಿದ್ದು ಯಾರು?”

ನಿವೃತ್ತ ವಿಜ್ಞಾನ ಮೇಷ್ಟ್ರು ಮುಕುಂದಯ್ಯ ರಿಪ್ಪನ್‌ಪೇಟೆಯ ಜೆರಾಕ್ಸ್ ಅಂಗಡಿಯಿಂದ ಸೀದಾ ಹೈಸ್ಕೂಲಿಗೇ ಬಂದಿದ್ದರು. ಕೈಯಲ್ಲೊಂದು ಹಾಳೆ, ಅದರಲ್ಲಿ ಕಾಳುಮೆಣಸಿನ ಬಳ್ಳಿಯ ಚಿತ್ರ. ಒಂದು ಕಾಲಕ್ಕೆ ಅವರ ಶಿಷ್ಯೆಯಾಗಿದ್ದು, ಈಗ ಅವರ ಜಾಗದಲ್ಲೇ ವಿಜ್ಞಾನ ಕಲಿಸುತ್ತಿದ್ದ ಶ್ರಾವ್ಯಾ ಎದ್ದು ಕುರ್ಚಿ ಎಳೆದು ಕೊಟ್ಟಳು. ಅವರು ಕೂರಲಿಲ್ಲ.

ಮೂರು ತಿಂಗಳ ಹಿಂದೆ ಅವರ ಪಾಠದ ಚಿತ್ರಗಳ ಪುಸ್ತಕವನ್ನು ಕೇಳಿ ಪಡೆದು ಇಂಟರ್‌ನೆಟ್ಟಿಗೆ ಹಾಕಿದವಳು ಇವಳೇ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಹಂಚಬಹುದು, ಬದಲಿಸಬಹುದು, ಬರೆದವರ ಹೆಸರು ಮಾತ್ರ ಬಿಡುವಂತಿಲ್ಲ ಎಂದು ಓದಿ ಹೇಳಿಯೇ ಸಹಿ ಹಾಕಿಸಿಕೊಂಡಿದ್ದಳು. ಹೆಸರಿನ ಮಾತು ಬಂದಾಗ ಮೇಷ್ಟ್ರ ಕಿವಿ ನಿಮಿರಿತ್ತು. ಬದಲಿಸುವ ಮಾತಿಗೆ ನಕ್ಕುಬಿಟ್ಟಿದ್ದರು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರವನ್ನು ಬದಲಿಸುವ ಗಂಡು ಎಲ್ಲಿದ್ದಾನೆ?

ಗಂಡಲ್ಲ, ಹುಡುಗಿ. ಹಾಳೆಯ ಕೆಳಗೆ ಅಚ್ಚಾಗಿತ್ತು: ‘ಮೂಲ ಚಿತ್ರ: ಮುಕುಂದಯ್ಯ. ತಿದ್ದಿದವರು: ಧೃತಿ, ಎಂಟನೇ ತರಗತಿ, ಮಾಸ್ತಿಕಟ್ಟೆ.’

“ಎಂಟನೇ ಕ್ಲಾಸಂತೆ! ಹಳೇದೇ ಹಾಕು, ಇಲ್ದಿದ್ರೆ ನನ್ನ ಹೆಸರು ತೆಗಿ. ಇಷ್ಟು ವರ್ಷದ ಮರ್ಯಾದೆ ಮಾರಾಯ್ತಿ ಇದು.”

“ತೆಗೆಯೋಣ ಸಾರ್. ಅದಕ್ಕೆ ಮುಂಚೆ ಒಂದ್ನಿಮಿಷ ಹೊರಗೆ ಬರ್ತೀರಾ?”

ಶಾಲೆಯ ಹಿಂದಿನ ಹಲಸಿನ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. ಅದರ ನೆರಳಲ್ಲಿ ಎಷ್ಟೋ ಸಲ ಪಾಠ ಮಾಡಿದ್ದ ಮೇಷ್ಟ್ರು ಈಗ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮರವನ್ನು ಕಚ್ಚಿ ಹಿಡಿದ ಬೇರುಗಳು ಎಲೆ ಹೊರಡುವ ಗೆಣ್ಣಿನಲ್ಲೇ ಇದ್ದವು. ಎರಡು ಗೆಣ್ಣುಗಳ ನಡುವೆ ಬಳ್ಳಿ ನುಣ್ಣಗಿತ್ತು. ಅವರ ಚಿತ್ರದಲ್ಲಿ ಬೇರು ಮೂಡಿದ್ದು ಆ ನುಣ್ಣನೆಯ ಜಾಗದಲ್ಲಿ. ಹಾಗೆ ಬರೆದರೆ ಚಿತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಧೃತಿ ಬೇರನ್ನು ಗೆಣ್ಣಿಗೆ ಸರಿಸಿದ್ದಳು. ಇನ್ನೊಂದು ಗೆಣ್ಣು ನೋಡಿದರು. ಮತ್ತೊಂದು ನೋಡಿದರು. ಬಳ್ಳಿ ಎಲ್ಲೂ ಅವರ ಮಾತು ಕೇಳಿರಲಿಲ್ಲ.

“ಮನೆಮನೇಲೂ ಮೆಣಸು ಬೆಳೆಯೋ ಮಕ್ಳು. ಒಬ್ಬರಾದ್ರೂ ಬಾಯಿ ಬಿಡಬಾರದಿತ್ತೇನೆ?”

“ನಾನು ಕಿರುಪರೀಕ್ಷೇಲಿ ಸರಿಯಾಗೇ ಬರ್ದಿದ್ದೆ ಸಾರ್. ನೀವು ಅರ್ಧ ಮಾರ್ಕು ಕಳೆದ್ರಿ. ಮುಂದಿನ ಸಲ ನಿಮ್ಮ ಹಾಗೇ ಬರೆದೆ, ಪೂರ್ತಿ ಕೊಟ್ರಿ.”

“ಸರಿ, ಇಂಟರ್‌ನೆಟ್ಟಿಗೆ ಹಾಕುವಾಗಾದ್ರೂ ತಿದ್ದಬಹುದಿತ್ತಲ್ಲ?”

“ಧೈರ್ಯ ಬರ್ಲಿಲ್ಲ ಸಾರ್. ಧೃತಿ ನಿಮ್ಮತ್ರ ಕಲ್ತಿಲ್ಲ, ಅದಕ್ಕೇ ತಿದ್ದಿದ್ಲು.”

ಮುಕುಂದಯ್ಯನವರ ಮುಖ ಚಿಕ್ಕದಾಯಿತು. ನೋವಾಗಿತ್ತು, ನಿಜ. ಆದರೆ ಅವರು ಕಣ್ಣೆದುರಿನದನ್ನು ಅಲ್ಲವೆನ್ನುವ ಪೈಕಿ ಆಗಿರಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದರು. ನಿವೃತ್ತಿಯಾದರೂ ಅದು ಅವರ ಜೇಬು ಬಿಟ್ಟಿರಲಿಲ್ಲ. ಹಾಳೆಯನ್ನು ಮರಕ್ಕೆ ಒತ್ತಿ ಹಿಡಿದು, ಅಂಚಿನಲ್ಲಿ ಏನೋ ಗೀಚಿ, ಮಡಚಿ ಶ್ರಾವ್ಯಾಳ ಕೈಗಿಟ್ಟರು.

“ನನ್ನ ಹೆಸರು ಇರ್ಲಿ. ಆದ್ರೆ ಆ ಹುಡುಗೀದು ಮೊದ್ಲು ಹಾಕು. ಇನ್ನೂ ನಲವತ್ತು ಚಿತ್ರ ಇದಾವೆ, ಅವನ್ನೂ ನೋಡಕ್ಕೆ ಹೇಳು ಅವಳಿಗೆ.”

ಅವರು ಗೇಟು ದಾಟಿದ ಮೇಲೆ ಶ್ರಾವ್ಯಾ ಹಾಳೆ ಬಿಚ್ಚಿದಳು. ಅಂಚಿನಲ್ಲಿ ಅವಳದೇ ಹೆಸರು, ಮುಂದೆ ಕೆಂಪು ಶಾಯಿಯಲ್ಲಿ ½, ಕೆಳಗೆ ಮೇಷ್ಟ್ರ ಸಹಿ.