ಪಾಯದೊಳಗಿನ ಒರತೆ

ಗುದ್ದಲಿ ಮೇಲೆದ್ದ ಕಡೆ ಮಣ್ಣು ಒದ್ದೆಯಾಗಿತ್ತು. ನೋಡುತ್ತಿದ್ದಂತೆಯೇ ನೀರು ಬುಗುಬುಗನೆ ಉಕ್ಕಿ, ಹೆರಿಗೆ ಆಸ್ಪತ್ರೆಯ ಪಾಯವನ್ನು ತುಂಬತೊಡಗಿತು. ಚಿಂತಾಮಣಿ ಸೀಮೆಯಲ್ಲಿ ಆ ಬೇಸಿಗೆಗೆ ಬಾವಿಗಳೆಲ್ಲ ಬತ್ತಿದ್ದವು; ಕೂಲಿಯವರು ಬಾಯಿಬಿಟ್ಟುಕೊಂಡು ನಿಂತರು.

ಹೆರಿಗೆಗೆಂದು ಗಾಡಿಯಲ್ಲಿ ಹೊರಟ ಮಗಳನ್ನು ದಾರಿಯಲ್ಲೇ ಕಳೆದುಕೊಂಡಿದ್ದ ಓಬಳಮ್ಮ, ಊರಿಗೊಂದು ಆಸ್ಪತ್ರೆಯಾಗಲೆಂದು ರಸ್ತೆ ಪಕ್ಕದ ಈ ಹೊಲವನ್ನು ತಾನೇ ಆರಿಸಿ ಬರೆದುಕೊಟ್ಟಿದ್ದಳು.

"ಕಲ್ಲು ಸುರಿದು ಒರತೆ ಮುಚ್ಚಿಬಿಡಣ ಅಮ್ಮ. ಇಲ್ದಿದ್ರೆ ಗೋಡೆ ನಿಲ್ಲಲ್ಲ," ಎಂದರು ಓವರ್‌ಸಿಯರ್.

ಓಬಳಮ್ಮ ಸೀರೆ ಎತ್ತಿಕಟ್ಟಿ ಪಾಯಕ್ಕಿಳಿದಳು. ತಣ್ಣನೆಯ ನೀರು ಅವಳ ಪಾದದಡಿಯಲ್ಲಿ ಜೀವವಿದ್ದಂತೆ ಮಿಸುಕಾಡಿತು. ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದಳು.

"ಆ ದಿಣ್ಣೆ ಮೇಲಿನ ಹೊಲಾನೂ ನಂದೇ. ಆಸ್ಪತ್ರೆ ಅಲ್ಲಿ ಕಟ್ಟಿ," ಎಂದಳು. "ಈಗ ತಾನೆ ಹುಟ್ಟಿದ್ದನ್ನ ಹೆಂಗಪ್ಪ ಮುಚ್ಚೋದು?"